ಕ್ರೀಡಾಂಗಣದ ನವೀಕರಣ: ಗೊಣಗಾಟವನ್ನು ಮನವಿಯಾಗಿಸುವ ಬಗೆ

ಹಳೆಯ ಕ್ರೀಡಾಂಗಣಕ್ಕೆ ಹೊಸ ರೂಪ ಕೊಡುತ್ತಾರಂತೆ ಎಂಬ ಸುದ್ದಿ ಹಬ್ಬಿದರೆ ಸಾಕು, ಚಿಕ್ಕಮಗಳೂರಿನಲ್ಲಿ ಎಲ್ಲರೂ ಎಂಜಿನಿಯರುಗಳಾಗಿಬಿಡುತ್ತಾರೆ. ಎಂ.ಜಿ. ರಸ್ತೆಯ ಹೋಟೆಲುಗಳಲ್ಲಿ ಕಾಫಿ ಆರುವ ಮೊದಲೇ ಟ್ರ್ಯಾಕಿನ ಬಣ್ಣ, ಗ್ಯಾಲರಿಯ ಎತ್ತರ, ಗುತ್ತಿಗೆದಾರನ ಪೂರ್ವಾಪರ ಎಲ್ಲವೂ ತೀರ್ಮಾನವಾಗುತ್ತದೆ. ಇದ್ದದ್ದನ್ನೂ ಕೆಡಿಸುತ್ತಾರೆ ಎನ್ನುವವರು ಒಂದು ಕಡೆ, ಏನಾದರೂ ಆಗಲಿ ಬಿಡಿ ಎನ್ನುವವರು ಇನ್ನೊಂದು ಕಡೆ. ಇಷ್ಟು ಅಭಿಪ್ರಾಯದಲ್ಲಿ ಒಂದು ಸಾಲೂ ಕಾಗದಕ್ಕೆ ಇಳಿಯುವುದಿಲ್ಲ. ರಿಬ್ಬನ್ ಕತ್ತರಿಸಿದ ಮರುದಿನ ಆಜಾದ್ ಪಾರ್ಕ್ ವೃತ್ತದಲ್ಲಿ ಧರಣಿ ಕುಳಿತರೆ ಅಷ್ಟು ಹೊತ್ತಿಗೆ ಕಾಂಕ್ರೀಟು ಗಟ್ಟಿಯಾಗಿರುತ್ತದೆ.

ನಾನು ದೈಹಿಕ ಶಿಕ್ಷಣ ಶಿಕ್ಷಕಿಯಾಗಿದ್ದವಳು. ಕಡೂರು, ಮೂಡಿಗೆರೆ ಕಡೆಯ ಸರ್ಕಾರಿ ಶಾಲೆಗಳಲ್ಲಿ ಖೋ ಖೋ ಕಲಿಸಿ, ಮಕ್ಕಳನ್ನು ಬಸ್ಸಿನಲ್ಲಿ ತುಂಬಿಕೊಂಡು ಜಿಲ್ಲಾ ಮಟ್ಟದ ಕೂಟಗಳಿಗೆ ತಂದವಳು. ನಿವೃತ್ತಿಯಾದ ಮೇಲೆ ಹಳೆಯ ವಿದ್ಯಾರ್ಥಿಗಳು ತಮ್ಮ ತಮ್ಮ ಊರಿನ ಮೈದಾನದ ತಕರಾರು ಹಿಡಿದು ಬರುತ್ತಾರೆ, ನಾನು ಮನವಿ ಬರೆದುಕೊಡುತ್ತೇನೆ. ಆ ಕೆಲಸದ ಕ್ರಮವನ್ನು ಇಲ್ಲಿ ಹೇಳುತ್ತೇನೆ. ನನ್ನ ಪಾಠ ಒಂದೇ: ಸಿಟ್ಟಿಗೆ ಅಳತೆ ಕೊಡಿ. ಮೀಟರಿನಲ್ಲಿ ಹೇಳಲಾಗದ ಸಿಟ್ಟನ್ನು ಕಾಮಗಾರಿಯ ಖರ್ಚುವೆಚ್ಚದ ಅಂದಾಜು ಪಟ್ಟಿಗೆ ಸೇರಿಸಲು ಯಾವ ಎಂಜಿನಿಯರಿಗೂ ಬರುವುದಿಲ್ಲ.

ಮೊದಲು ಕಡತ ಯಾವ ಹಂತದಲ್ಲಿದೆ ಎಂದು ತಿಳಿದುಕೊಳ್ಳಿ. ಆಡಳಿತಾತ್ಮಕ ಅನುಮೋದನೆ (ಕೆಲಸಕ್ಕೂ ಹಣಕ್ಕೂ ಒಪ್ಪಿಗೆ), ತಾಂತ್ರಿಕ ಮಂಜೂರಾತಿ (ನಕ್ಷೆಗೂ ಅಂದಾಜಿಗೂ ಎಂಜಿನಿಯರುಗಳ ಒಪ್ಪಿಗೆ), ಟೆಂಡರ್, ಕಾರ್ಯಾದೇಶ (ಕೆಲಸ ಶುರುಮಾಡಲು ಗುತ್ತಿಗೆದಾರನಿಗೆ ಕೊಡುವ ಆದೇಶ), ಕೊನೆಗೆ ಗುದ್ದಲಿ ಪೂಜೆ. ಜನರಿಗೆ ಕಾಣುವುದು ಗುದ್ದಲಿ ಪೂಜೆ ಮಾತ್ರ. ಆ ಹೊತ್ತಿಗೆ ಯಾವ ಗೋಡೆ ಎಲ್ಲಿ ಬರಬೇಕು ಎಂಬುದೆಲ್ಲ ಮುಗಿದುಹೋದ ಮಾತು. ನಿಮ್ಮ ಮಾತು ತಾಂತ್ರಿಕ ಮಂಜೂರಾತಿಗೆ ಮೊದಲು ತಲುಪಿದರೆ ಅದು ಸಲಹೆ. ಕಾರ್ಯಾದೇಶದ ನಂತರ ತಲುಪಿದರೆ ಅದು ದೂರು. ಸಲಹೆಯನ್ನು ಒಪ್ಪಿಕೊಳ್ಳಲು ಅಧಿಕಾರಿಗೆ ಖರ್ಚಿಲ್ಲ. ದೂರನ್ನು ಒಪ್ಪಿಕೊಂಡರೆ ಆತ ಉತ್ತರ ಕೊಡಬೇಕಾಗುತ್ತದೆ.

ಯಾರಿಗೆ ಬರೆಯಬೇಕು ಎಂಬುದರಲ್ಲಿಯೇ ಅರ್ಧ ಜನ ದಾರಿ ತಪ್ಪುತ್ತಾರೆ. ಜಿಲ್ಲಾ ಕ್ರೀಡಾಂಗಣಗಳನ್ನು ಸಾಮಾನ್ಯವಾಗಿ ನೋಡಿಕೊಳ್ಳುವುದು ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆ. ಕಟ್ಟುವುದು ಲೋಕೋಪಯೋಗಿ ಇಲಾಖೆಯೋ ನಿರ್ಮಿತಿ ಕೇಂದ್ರವೋ ಇನ್ನೊಂದು ಸರ್ಕಾರಿ ಸಂಸ್ಥೆಯೋ ಆಗಿರಬಹುದು. ಹೊರಗಿನ ಚರಂಡಿ, ಬೀದಿದೀಪ ನಗರಸಭೆಯದು. ಮನವಿಯನ್ನು ಜಿಲ್ಲಾಧಿಕಾರಿಗೆ ಬರೆದು ಉಳಿದವರಿಗೆಲ್ಲ ಪ್ರತಿ ಕೊಡಿ. ಟೆಂಡರ್ ರಾಜ್ಯದ ಸಾರ್ವಜನಿಕ ಸಂಗ್ರಹಣಾ ಪೋರ್ಟಲಿನಲ್ಲಿ ಕಾಣಬೇಕು. ಕಾಣದಿದ್ದರೆ ಸಾರ್ವಜನಿಕ ಸಂಗ್ರಹಣೆಯ 1999ರ ಪಾರದರ್ಶಕತೆ ಕಾಯ್ದೆಯ 4(ಜಿ) ವಿನಾಯಿತಿಯಡಿ ಟೆಂಡರ್ ಇಲ್ಲದೆ ಕೆಲಸವನ್ನು ನೇರವಾಗಿ ವಹಿಸಲಾಗಿದೆಯೇ ಎಂದು ಕೇಳಿ. ಕೇಳುವುದರಲ್ಲಿ ಆರೋಪವೇನೂ ಇಲ್ಲ.

ಕೇಳುವ ದಾರಿ ಮಾಹಿತಿ ಹಕ್ಕು ಕಾಯ್ದೆ, 2005. ಹತ್ತು ರೂಪಾಯಿಯ ಪೋಸ್ಟಲ್ ಆರ್ಡರ್ ಸಾಕು. ಬಡತನ ರೇಖೆಯ ಕೆಳಗಿನವರು ಅದನ್ನೂ ಕೊಡಬೇಕಾಗಿಲ್ಲ. ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, ಅದೂ 150 ಪದಗಳೊಳಗೆ. ಆದ್ದರಿಂದ ಪೀಠಿಕೆ, ಪುರಾಣ ಬೇಡ. ನಾನು ಬರೆಯುವುದು ಹೀಗೆ:

"ಜಿಲ್ಲಾ ಕ್ರೀಡಾಂಗಣದ ನವೀಕರಣ ಕಾಮಗಾರಿಗೆ ಸಂಬಂಧಿಸಿದಂತೆ ಅಂದಾಜು ಪಟ್ಟಿ, ಅನುಮೋದಿತ ನಕ್ಷೆ, ಆಡಳಿತಾತ್ಮಕ ಅನುಮೋದನೆಯ ಆದೇಶ, ತಾಂತ್ರಿಕ ಮಂಜೂರಾತಿಯ ಆದೇಶ, ಟೆಂಡರ್ ಅಥವಾ ವಿನಾಯಿತಿಯ ಆದೇಶ ಮತ್ತು ಕಾರ್ಯಾದೇಶ ಇವುಗಳ ದೃಢೀಕೃತ ಪ್ರತಿಗಳನ್ನು ನೀಡಬೇಕೆಂದು ಕೋರುತ್ತೇನೆ."

ಏಕೆ, ಹೇಗೆ ಎಂಬ ಪ್ರಶ್ನೆಗಳನ್ನು ಸೇರಿಸಬೇಡಿ. ಕಚೇರಿಯಲ್ಲಿ ಇರುವ ಕಾಗದವನ್ನು ಕೇಳಿದರೆ ಕೊಡಲೇಬೇಕು, ಇಲ್ಲದ ವಿವರಣೆಯನ್ನು ಕೇಳಿದರೆ ತಪ್ಪಿಸಿಕೊಳ್ಳಲು ದಾರಿ ಸಿಗುತ್ತದೆ. ತಪ್ಪಾದ ಇಲಾಖೆಗೆ ಕಳುಹಿಸಿದ್ದರೆ ಅವರೇ ಐದು ದಿನದೊಳಗೆ ಸರಿಯಾದ ಕಡೆಗೆ ವರ್ಗಾಯಿಸಬೇಕು. ಮೂವತ್ತು ದಿನದಲ್ಲಿ ಉತ್ತರ ಬಾರದಿದ್ದರೆ ಮುಂದಿನ ಮೂವತ್ತು ದಿನದೊಳಗೆ ಮೊದಲ ಮೇಲ್ಮನವಿ ಸಲ್ಲಿಸಿ. ನಕ್ಷೆ ದೊಡ್ಡದಿದ್ದು ಪ್ರತಿ ದುಬಾರಿಯಾಗುವಂತಿದ್ದರೆ ಕಡತವನ್ನು ಪರಿಶೀಲಿಸಲು ಅವಕಾಶ ಕೇಳಿ, ಕನ್ನಡಕ ಮತ್ತು ನೋಟ್‌ಬುಕ್ ತೆಗೆದುಕೊಂಡು ಹೋಗಿ ಕುಳಿತುಕೊಳ್ಳಿ.

ಕಾಗದ ಬರುವ ತನಕ ಸುಮ್ಮನಿರಬೇಡಿ. ಮೈದಾನಕ್ಕೆ ಹೋಗಿ ಜನರನ್ನು ಮಾತನಾಡಿಸಿ. ಬೆಳಿಗ್ಗೆ ಬೆಳಕು ಹರಿಯುವ ಮೊದಲು ಬರುವವರು ಬೇರೆ, ಸಂಜೆ ಶಾಲೆ ಬಿಟ್ಟ ಮೇಲೆ ಬರುವವರು ಬೇರೆ, ಭಾನುವಾರದ ಕ್ರಿಕೆಟ್ಟಿನವರಂತೂ ಬೇರೆಯೇ ಪಂಗಡ. "ನವೀಕರಣ ಬೇಕೇ ಬೇಡವೇ" ಎಂದು ಕೇಳಿದರೆ ಭಾಷಣ ಸಿಗುತ್ತದೆ. "ನೀವು ಇಲ್ಲಿ ಏನು ಮಾಡುತ್ತೀರಿ, ಯಾವ ಜಾಗದಲ್ಲಿ, ಯಾವ ಹೊತ್ತಿನಲ್ಲಿ" ಎಂದು ಕೇಳಿ. ಆಗ ವಿಷಯ ಹೊರಬರುತ್ತದೆ: ನಡೆಯಲು ಬರುವವರಿಗೆ ಬೆಂಚು ಮತ್ತು ದೀಪ, ಓಟಗಾರರಿಗೆ ಯಾರೂ ಅಡ್ಡ ಬಾರದ ಎರಡು ಗಂಟೆ, ಖೋ ಖೋ ಹುಡುಗಿಯರಿಗೆ ಚಿಲಕವಿರುವ ಬಾಗಿಲು. ಕೊನೆಯದಕ್ಕೆ ನಗಬೇಡಿ. ನನ್ನ ಹುಡುಗಿಯರು ಒಬ್ಬಳನ್ನು ಬಾಗಿಲಿಗೆ ಕಾವಲು ನಿಲ್ಲಿಸಿ ಬಟ್ಟೆ ಬದಲಿಸಿದ್ದನ್ನು ಎಷ್ಟೋ ಊರಿನಲ್ಲಿ ನೋಡಿದ್ದೇನೆ. ಗ್ಯಾಲರಿಯ ಬಣ್ಣಕ್ಕೆ ಸಭೆ ಕರೆಯುವವರು ಚಿಲಕಕ್ಕೆ ಸಭೆ ಕರೆದದ್ದನ್ನು ಮಾತ್ರ ಕಂಡಿಲ್ಲ.

ಹೀಗೆ ಕೇಳುತ್ತ ಹೋದರೆ ಜನರ ಬೇಡಿಕೆಗಳೇ ಒಂದಕ್ಕೊಂದು ಡಿಕ್ಕಿ ಹೊಡೆಯುವುದು ಕಾಣುತ್ತದೆ. ಅದನ್ನು ಅಧಿಕಾರಿಯ ಮೇಜಿಗೆ ಬಿಡದೆ ನೀವೇ ಬಿಡಿಸಿ. ಎಲ್ಲರಿಗೂ ಸಿಂಥೆಟಿಕ್ ಟ್ರ್ಯಾಕ್, ಅಂದರೆ ರಬ್ಬರಿನ ಹಾಸಿನ ಓಟದ ಪಥ, ಬೇಕು. ಆದರೆ ಅದು ವಾಯುವಿಹಾರದ ಹಾದಿಯಲ್ಲ. ಅದರ ಮೇಲೆ ಬೈಕು ಓಡಿಸುವುದು, ಪೆಂಡಾಲಿನ ಗೂಟ ಹೊಡೆಯುವುದು, ಪಥಸಂಚಲನದ ಜೀಪು ಹತ್ತಿಸುವುದು ಆಗದು. ಮೊಳೆ ಬೂಟಿನ ಮೊಳೆ ಕೂಡ ಒಂಬತ್ತು ಮಿಲಿಮೀಟರು ಮೀರಬಾರದು. ಎತ್ತರ ಜಿಗಿತ ಮತ್ತು ಜಾವೆಲಿನ್‌ಗೆ ಮಾತ್ರ ಹನ್ನೆರಡು. ನಮ್ಮ ನೇತಾಜಿ ಸುಭಾಷ್ ಚಂದ್ರ ಬೋಸ್ ಮೈದಾನವನ್ನೇ ನೋಡಿ, ಸ್ವಾತಂತ್ರ್ಯ ದಿನ, ಗಣರಾಜ್ಯೋತ್ಸವ ನಡೆಯುವುದು ಅಲ್ಲಿಯೇ. ಅಂಥ ಕಡೆ ಟ್ರ್ಯಾಕಿನ ಹೊರಗೆ ನಡಿಗೆಯ ಪಥ ಪ್ರತ್ಯೇಕವಾಗಿರಲಿ, ವಾಹನ ಒಳಗೆ ಬರಲು ಟ್ರ್ಯಾಕನ್ನು ದಾಟದ ದಾರಿ ಇರಲಿ ಎಂದು ಬರೆದರೆ ನಡೆಯುವವರೂ ಓಡುವವರೂ ಒಂದೇ ಹಾಳೆಗೆ ಸಹಿ ಹಾಕುತ್ತಾರೆ.

ಇನ್ನೊಂದು ಡಿಕ್ಕಿ ಫುಟ್‌ಬಾಲಿನವರಿಗೂ ಎಸೆತದವರಿಗೂ. ನಡುವಿನ ಅಂಗಳಕ್ಕೆ ಕೃತಕ ಹುಲ್ಲು ಹಾಸಿದರೆ ಚಿತ್ರದಲ್ಲಿ ಚೆಂದ, ಮಳೆಯಲ್ಲೂ ಹಸಿರು. ಆದರೆ ಅದರ ಮೇಲೆ ಜಾವೆಲಿನ್, ಹ್ಯಾಮರ್, ಡಿಸ್ಕಸ್ ಬೀಳುವಂತಿಲ್ಲ, ಹಾಸು ಹರಿಯುತ್ತದೆ. ಟ್ರ್ಯಾಕಿಗೆ ಕೋಟಿಗಟ್ಟಲೆ ಸುರಿದು, ಎಸೆತದ ಸ್ಪರ್ಧೆಗಳನ್ನು ಬೇರೊಂದು ಮೈದಾನಕ್ಕೆ ಅಟ್ಟುವುದು ಯಾವ ಜಾಣತನ? ನಡುವಿನ ಅಂಗಳಕ್ಕೆ ನಿಜವಾದ ಹುಲ್ಲೇ ಇರಲಿ ಎಂದು ನಾನು ಹಟ ಹಿಡಿಯುತ್ತೇನೆ. ಫುಟ್‌ಬಾಲಿನ ಹುಡುಗರು ಮುನಿಸಿಕೊಳ್ಳುತ್ತಾರೆ. ಮುನಿಸಿಕೊಳ್ಳಲಿ, ಅವರಿಗೆ ಅಭ್ಯಾಸಕ್ಕೆ ಬೇರೆ ಚಿಕ್ಕ ಅಂಗಳ ಕೇಳೋಣ.

ಈಗ ಅಳತೆಗಳು. ಪ್ರಮಾಣಿತ ಟ್ರ್ಯಾಕಿನ ಸುತ್ತು 400 ಮೀಟರ್, ಒಂದೊಂದು ಓಣಿಯ (ಲೇನಿನ) ಅಗಲ 1.22 ಮೀಟರ್. ಅಡ್ಡ ಇಳಿಜಾರು ಒಳಮುಖವಾಗಿ ನೂರಕ್ಕೆ ಒಂದನ್ನು ಮೀರಬಾರದು. ನೀರು ಅಲ್ಲಿಂದ ಒಳ ಅಂಚಿನ ಚರಂಡಿಗೆ ಹೋಗಬೇಕು. ಮಲೆನಾಡಿನ ಮಗ್ಗುಲಲ್ಲಿರುವ ನಮಗೆ ಈ ಚರಂಡಿಯೇ ಟ್ರ್ಯಾಕಿನ ಆಯುಷ್ಯ. ಜೂನ್‌ನಿಂದ ಸುರಿಯುವ ನೀರು ಅಡಿಪದರದಲ್ಲಿ ನಿಂತರೆ ಮೇಲಿನ ರಬ್ಬರಿನ ಹಾಸು ಉಬ್ಬಿ ಏಳುತ್ತದೆ. ಅಂದಾಜು ಪಟ್ಟಿ ಕೈಗೆ ಬಂದ ಕೂಡಲೇ ನಾನು ಮೊದಲು ಹುಡುಕುವುದು ಚರಂಡಿಯ ಸಾಲನ್ನು, ಆಮೇಲೆ ಆ ನೀರು ಕೊನೆಗೆ ಎಲ್ಲಿಗೆ ಸೇರುತ್ತದೆ ಎಂಬುದನ್ನು. ಕೆಲವು ಪಟ್ಟಿಗಳಲ್ಲಿ ಚರಂಡಿ ಹುಟ್ಟುತ್ತದೆ, ಸೇರುವ ಜಾಗ ಮಾತ್ರ ಇರುವುದಿಲ್ಲ.

ಓಣಿಗಳು ಆರೋ ಎಂಟೋ ಎಂಬ ಚರ್ಚೆ ಬಂದಾಗ ರಕ್ಷಿತಾ ರಾಜು ಅವರ ಹೆಸರು ಹೇಳಿ. ಮೂಡಿಗೆರೆ ತಾಲ್ಲೂಕಿನ ಈ ಓಟಗಾರ್ತಿಗೆ ಕಣ್ಣು ಕಾಣುವುದಿಲ್ಲ. 2018ರ ಜಕಾರ್ತ ಮತ್ತು 2023ರಲ್ಲಿ ನಡೆದ ಹಾಂಗ್‌ಝೌ ಏಷ್ಯನ್ ಪ್ಯಾರಾ ಕ್ರೀಡಾಕೂಟಗಳಲ್ಲಿ 1500 ಮೀಟರ್ ಚಿನ್ನ ಗೆದ್ದು, 2024ರಲ್ಲಿ ಪ್ಯಾರಿಸ್ ಪ್ಯಾರಾಲಿಂಪಿಕ್ಸ್‌ನಲ್ಲಿ ಓಡಿದವರು. ಪೂರ್ತಿ ದೃಷ್ಟಿಯಿಲ್ಲದವರು ಮಾರ್ಗದರ್ಶಿ ಓಟಗಾರರ ಜೊತೆ ಓಡುತ್ತಾರೆ. ನೂರು ಮೀಟರಿನಂಥ ಓಟದಲ್ಲಿ ಜೋಡಿಗೆ ಎರಡು ಓಣಿ ಬೇಕು. ಅಂದರೆ ಎಂಟು ಓಣಿಯಲ್ಲಿ ನಾಲ್ವರು, ಆರರಲ್ಲಿ ಮೂವರು. ಇಂಥ ಮಗಳನ್ನು ಕೊಟ್ಟ ಜಿಲ್ಲೆಯಲ್ಲಿ ಆರು ಓಣಿ ಸಾಕು ಎನ್ನುವವರು ಈ ಲೆಕ್ಕಕ್ಕೆ ಉತ್ತರ ಹೇಳಲಿ.

ಅಂಗವಿಕಲರ ಹಕ್ಕುಗಳ 2016ರ ಕಾಯ್ದೆ ಸಾರ್ವಜನಿಕ ಕಟ್ಟಡಗಳ ಪ್ರವೇಶದ ಬಗ್ಗೆಯೂ ಕ್ರೀಡೆಯಲ್ಲಿ ಭಾಗವಹಿಸುವ ಅವಕಾಶದ ಬಗ್ಗೆಯೂ ಹೇಳುತ್ತದೆ. ಇಳಿಜಾರು ಹಾದಿಯ ರೂಢಿಯ ಲೆಕ್ಕ ಒಂದಕ್ಕೆ ಹನ್ನೆರಡು: ನೆಲಗಟ್ಟು 60 ಸೆಂಟಿಮೀಟರ್ ಎತ್ತರವಿದ್ದರೆ ಹಾದಿ 7.2 ಮೀಟರ್ ಉದ್ದ ಬೇಕು. ನಕ್ಷೆಯ ಮೇಲೆ ಸ್ಕೇಲು ಇಟ್ಟು ನೋಡಿ. ಒಂದು ಊರಿನ ಹೊಸ ಪೆವಿಲಿಯನ್ನಿನಲ್ಲಿ ಗಾಲಿಕುರ್ಚಿಯ ಹಾದಿ ಜಾರುಬಂಡೆಯ ಹಾಗಿತ್ತು, ಮೇಲೆ ಹೋದರೆ ಬೀಗ ಹಾಕಿದ ಉಗ್ರಾಣ. ಹಾದಿ ಇದೆಯೇ ಎಂಬ ಕಾಲಂಗೆ ಮಾತ್ರ ಹೌದು ಎಂದು ಟಿಕ್ ಬಿದ್ದಿತ್ತು.

ಖೋ ಖೋಗೆ 27 ಮೀಟರ್ ಉದ್ದ, 16 ಮೀಟರ್ ಅಗಲ. ಕಬಡ್ಡಿಗೆ ಪುರುಷರಿಗೆ 13 ಮತ್ತು 10, ಮಹಿಳೆಯರಿಗೆ 12 ಮತ್ತು 8. ಅಂಕಣದ ಸುತ್ತ ಖಾಲಿ ಜಾಗ ಬೇರೆ ಬೇಕು; ಗೋಡೆಗೆ ತಾಗಿಸಿ ಬಿಳಿ ಗೆರೆ ಎಳೆದರೆ ಅದು ಅಂಕಣವಾಗುವುದಿಲ್ಲ, ಹಲ್ಲಿನ ಡಾಕ್ಟರಿಗೆ ಗಿರಾಕಿ ಕಳುಹಿಸುವ ಜಾಗವಾಗುತ್ತದೆ. ಒಳಾಂಗಣವಿದ್ದರೆ ಬ್ಯಾಡ್ಮಿಂಟನ್ ಅಂಕಣದ ಮೇಲೆ ಸೂರು ಒಂಬತ್ತು ಮೀಟರಿಗಿಂತ ತಗ್ಗಾಗದಿರಲಿ, ದೀಪಗಳು ಅಂಕಣದ ನೆತ್ತಿಗಲ್ಲ, ಪಕ್ಕಕ್ಕೆ ಇರಲಿ. ಗ್ಯಾಲರಿಯ ಕೆಳಗೆ ಬಾಡಿಗೆ ಮಳಿಗೆಗಳು ಬರುವ ಗುಮಾನಿ ಇದ್ದರೆ ಉದ್ಯಾನ, ಆಟದ ಬಯಲು ಮತ್ತು ತೆರೆದ ಜಾಗಗಳ ಸಂರಕ್ಷಣೆಗಾಗಿ ಇರುವ ರಾಜ್ಯದ 1985ರ ಕಾಯ್ದೆಯನ್ನು ಮನವಿಯಲ್ಲಿ ಹೆಸರಿಸಿ.

ಮನವಿ ಒಂದೇ ಪುಟ ಇರಲಿ. ಬೇಡಿಕೆ ಐದಾರಕ್ಕಿಂತ ಹೆಚ್ಚು ಬೇಡ. "ಮಹಿಳೆಯರಿಗೆ ಸೂಕ್ತ ಸೌಲಭ್ಯ ಕಲ್ಪಿಸಬೇಕು" ಎಂದು ಬರೆದರೆ "ಪರಿಶೀಲಿಸಲಾಗುವುದು" ಎಂಬ ಉತ್ತರ ಬರುತ್ತದೆ, ಲೆಕ್ಕ ಚುಕ್ತಾ. "ಪೆವಿಲಿಯನ್ನಿನ ಪಶ್ಚಿಮ ತುದಿಯಲ್ಲಿ ಮಹಿಳೆಯರಿಗೆ ನಾಲ್ಕು ಶೌಚಾಲಯ, ಒಳಚಿಲಕವಿರುವ ಎರಡು ಉಡುಪು ಕೋಣೆ, ದಿನವಿಡೀ ನೀರು, ಇವನ್ನು ಅಂದಾಜು ಪಟ್ಟಿಯಲ್ಲಿ ಪ್ರತ್ಯೇಕ ಬಾಬ್ತಾಗಿ ಸೇರಿಸಬೇಕು" ಎಂದು ಬರೆಯಿರಿ. ಬಾಬ್ತಾಗಿ ಬಂದದ್ದು ಮಾತ್ರ ಕಟ್ಟಡವಾಗುತ್ತದೆ.

ಸಹಿಗಳ ಸಂಖ್ಯೆಯ ಮೇಲೆ ವ್ಯಾಮೋಹ ಬೇಡ. ಮೈದಾನವನ್ನು ಬಳಸುವ ನೂರು ಜನ, ಹೆಸರಿನ ಮುಂದೆ ಏನು ಆಡುತ್ತಾರೆ ಎಂದು ಬರೆದು ಸಹಿ ಹಾಕಿದರೆ ಅದರ ತೂಕವೇ ಬೇರೆ. ಮಕ್ಕಳ ಸಹಿ ಬೇಡ, ಪೋಷಕರದು ಹಾಕಿಸಿ. ಪಕ್ಷದ ಶಾಲು ಹೊದ್ದವರು ಮುಂದೆ ನಿಂತು ಫೋಟೊ ತೆಗೆಸಿಕೊಳ್ಳಲು ಬಂದರೆ ಸಹಿ ಹಾಕಿಸಿಕೊಂಡು ಹಿಂದಿನ ಸಾಲಿಗೆ ಕಳುಹಿಸಿ. ಮೂವತ್ತು ವರ್ಷ ಸೀಟಿ ಊದಿದ ನನಗೆ ಇದು ಸಲೀಸು. ನಿಮಗೆ ಕಷ್ಟವಾದರೆ ಯಾರಾದರೂ ಹಿರಿಯ ತರಬೇತುದಾರರನ್ನು ಜೊತೆಗೆ ಕರೆದುಕೊಳ್ಳಿ. ಟಪಾಲು ವಿಭಾಗದಲ್ಲಿ ಮುದ್ರೆ, ದಿನಾಂಕ, ಸ್ವೀಕೃತಿ ಸಂಖ್ಯೆ ಇಲ್ಲದೆ ಮೆಟ್ಟಿಲು ಇಳಿಯಬೇಡಿ. ರಾಜ್ಯ ಸರ್ಕಾರದ 1902 ಸಹಾಯವಾಣಿಯಲ್ಲೂ ಅಹವಾಲು ದಾಖಲಿಸಿ ಅದರ ಸಂಖ್ಯೆಯನ್ನು ಮನವಿಯ ಪ್ರತಿಯ ಮೇಲೆ ಬರೆದಿಡಿ. ಸ್ಥಳೀಯ ಪತ್ರಿಕೆಯವರಿಗೆ ಮನವಿಯ ಜೊತೆ ಒಂದು ಫೋಟೊ ಮತ್ತು ನಾಲ್ಕು ಸಾಲು ಕೊಟ್ಟರೆ ಸಾಕು, ಉಳಿದದ್ದನ್ನು ಅವರು ನೋಡಿಕೊಳ್ಳುತ್ತಾರೆ.

ಕೆಲಸ ಶುರುವಾದ ಮೇಲೆ ವಾರಕ್ಕೊಮ್ಮೆ ಒಂದೇ ಜಾಗದಿಂದ ಫೋಟೊ ತೆಗೆಯುವ ಹೊಣೆಯನ್ನು ದಿನವೂ ಬರುವ ಯಾರಿಗಾದರೂ ವಹಿಸಿ. ಅಡಿಪದರ ಮುಚ್ಚುವ ಮೊದಲಿನ ಫೋಟೊಗಳು ಮುಖ್ಯ. ಗುತ್ತಿಗೆಯಲ್ಲಿ ದೋಷ ಹೊಣೆಗಾರಿಕೆಯ ಅವಧಿ ಎಂದು ಒಂದಿರುತ್ತದೆ. ಅದರೊಳಗೆ ಕಂಡ ಬಿರುಕು, ಸೋರಿಕೆ, ಉಬ್ಬನ್ನು ಗುತ್ತಿಗೆದಾರ ತನ್ನ ಖರ್ಚಿನಲ್ಲಿಯೇ ಸರಿಪಡಿಸಬೇಕು. ಆ ಅವಧಿ ಎಂದು ಮುಗಿಯುತ್ತದೆ ಎಂಬುದನ್ನು ಗುತ್ತಿಗೆಯ ಷರತ್ತುಗಳಲ್ಲಿ ಹುಡುಕಿ ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ಅದಕ್ಕೆ ಮೊದಲು ಬರುವ ಆರಿದ್ರಾ ಮಳೆಯಲ್ಲಿ ಕೊಡೆ ಹಿಡಿದು ಮೈದಾನಕ್ಕೆ ಒಂದು ಸುತ್ತು ಹಾಕಿ, ನೀರು ನಿಂತ ಜಾಗವನ್ನು ನಕ್ಷೆಯಲ್ಲಿ ಗುರುತಿಸಿ, ಅದೇ ವಾರ ಕಾರ್ಯಪಾಲಕ ಎಂಜಿನಿಯರಿಗೆ ಪತ್ರ ಬರೆಯಿರಿ. ಪತ್ರದ ತಲೆಯಲ್ಲಿ ಹಳೆಯ ಮನವಿಯ ಸ್ವೀಕೃತಿ ಸಂಖ್ಯೆಯನ್ನು ಉಲ್ಲೇಖಿಸುವುದನ್ನು ಮರೆಯಬೇಡಿ.