ನಾಟಕೋತ್ಸವದ ಕ್ಯುರೇಟರ್ ಆಗಬೇಕೆನ್ನುವವರಿಗೆ

ಉತ್ಸವಕ್ಕೆ ನಾಟಕಗಳನ್ನು ಆರಿಸಿ ತರುವ ಈ ಕೆಲಸಕ್ಕೆ ಬರಬೇಕೆನ್ನುವವರು ನನ್ನನ್ನು ಮೊದಲು ಕೇಳುವುದು ಯಾವ ಕೋರ್ಸ್ ಮಾಡಬೇಕು ಅಂತ. ಕೋರ್ಸ್‌ಗಳಿವೆ, ಮಾಡಿ. ಅದಕ್ಕೂ ಮುಂಚೆ ಯಾವುದಾದರೂ ಉತ್ಸವದಲ್ಲಿ ಬಂದ ತಂಡಗಳನ್ನು ನೋಡಿಕೊಳ್ಳುವ ಕೆಲಸ ಹಿಡಿಯಿರಿ. ನಾಟಕ ಆರಿಸುವುದು ಈ ವೃತ್ತಿಯ ಅರ್ಧ. ಆರಿಸಿದ್ದು ಹೊಸ ರಂಗದ ಮೇಲೆ ಕಳೆಗುಂದದಂತೆ ನೋಡಿಕೊಳ್ಳುವುದು ಉಳಿದರ್ಧ.

ತಂಡಗಳು ಕಳಿಸುವ ನಾಟಕದ ವಿಡಿಯೋಗಳು ರಾಶಿ ಬೀಳುತ್ತವೆ. ಬೇಡವೆನ್ನಲು ವಿಡಿಯೋ ಸಾಕು, ಬೇಕೆನ್ನಲು ಸಾಲದು. ಪ್ರೇಕ್ಷಕರ ನಡುವೆ ಕೂತು ನೋಡಿ. ನಾನಂತೂ ಕಥೆ ಬರೆದುಕೊಳ್ಳುವುದಿಲ್ಲ. ನಟರಿಗೂ ಮೊದಲ ಸಾಲಿಗೂ ಎಷ್ಟು ದೂರ, ಜನ ಎಲ್ಲಿ ಮಿಸುಕಾಡಿದರು, ಎಲ್ಲಿ ಉಸಿರು ಬಿಗಿಹಿಡಿದರು, ಇಷ್ಟೇ ನನ್ನ ಟಿಪ್ಪಣಿ.

ಆಮೇಲೆ ಟೆಕ್ನಿಕಲ್ ರೈಡರ್, ಅಂದರೆ ಪ್ರದರ್ಶನಕ್ಕೆ ಏನೇನು ಬೇಕೆಂದು ತಂಡ ಕೊಡುವ ಪಟ್ಟಿ. ರಂಗದ ಅಗಲ, ದೀಪ ಕಟ್ಟುವ ಎತ್ತರ, ಸೆಟ್ ಹಾಕಲು ಬೇಕಾದ ಗಂಟೆಗಳು ಎಲ್ಲವೂ ಅದರಲ್ಲಿರುತ್ತವೆ. ತಂತ್ರಜ್ಞರಿಗೆ ಬಿಟ್ಟುಬಿಡಬೇಡಿ, ನೀವೇ ಓದಿ. ‘ಪೂರ್ತಿ ಕತ್ತಲು ಬೇಕು’ ಎಂದಿದ್ದರೆ ಬಾಗಿಲ ಮೇಲಿನ ಎಕ್ಸಿಟ್ ದೀಪ ನೆನಪಾಗಬೇಕು. ಸುರಕ್ಷತೆಯ ದೃಷ್ಟಿಯಿಂದ ಅದು ಉರಿಯುತ್ತಲೇ ಇರಬೇಕಾಗುತ್ತದೆ. ಆ ಮಂದ ಬೆಳಕಲ್ಲೂ ದೃಶ್ಯ ನಿಲ್ಲುತ್ತದೆಯೇ ಎಂದು ಒಪ್ಪಂದಕ್ಕೆ ಸಹಿ ಬೀಳುವ ಮೊದಲೇ ನಿರ್ದೇಶಕರನ್ನು ಕೇಳಿ. ಅನುವಾದದ ಸಾಲುಗಳು ಮೂಡುವ ಪರದೆ ತೀರಾ ಮೇಲಿದ್ದರೆ ಜನ ಓದುತ್ತಾರೆ, ನಟರ ಮುಖ ತಪ್ಪಿಹೋಗುತ್ತದೆ. ಹಿಂದಿನ ಸಾಲಿನಲ್ಲಿ ಕೂತು ಪರೀಕ್ಷಿಸಿ.

ಉತ್ಸವಕ್ಕೊಂದು ನಿಲುವು ಬೇಕು. ಬೆಲ್ಜಿಯಂನ ಕ್ಯುರೇಟರ್ ಫ್ರೀ ಲೇಸನ್ 1994ರಲ್ಲಿ ಬ್ರಸೆಲ್ಸ್‌ನಲ್ಲಿ ಕುನ್‌ಸ್ಟೆನ್‌ಫೆಸ್ಟಿವಲ್‌ಡೆಸಾರ್ಟ್ಸ್ ಎಂಬ ಕಲೋತ್ಸವ ಶುರುಮಾಡಿದಾಗ ಅಲ್ಲಿನ ರಂಗಮಂದಿರಗಳು ಡಚ್, ಫ್ರೆಂಚ್ ಎಂದು ಹಂಚಿಹೋಗಿದ್ದವು. ಅವರು ಎರಡೂ ಕಡೆಯವರನ್ನು ಸೇರಿಸಿಕೊಂಡು ಒಂದೇ ಉತ್ಸವ ಕಟ್ಟಿದರು. ಊರಿಗೆ ಏನು ಬೇಕಿದೆ ಎಂದು ಹಾಗೆ ಕಂಡುಕೊಳ್ಳುವುದನ್ನು ನಾನು ದೊಡ್ಡ ಪ್ರತಿಭೆ ಅನ್ನುತ್ತೇನೆ. ಇನ್ನೊಂದು ಮಾತು: 1947ರಲ್ಲಿ ಎಡಿನ್‌ಬರೊ ಉತ್ಸವಕ್ಕೆ ಕರೆಯಿಲ್ಲದಿದ್ದರೂ ಎಂಟು ತಂಡಗಳು ತಾವಾಗಿಯೇ ಬಂದು ಆಡಿದವು, ಮುಖ್ಯ ಉತ್ಸವದ ಹೊರಗೆ ನಡೆಯುವ ‘ಫ್ರಿಂಜ್’ ಉತ್ಸವ ಹುಟ್ಟಿದ್ದು ಹಾಗೆ. ನಿಮ್ಮ ಪಟ್ಟಿಯ ಹೊರಗೆ ಏನು ನಡೆಯುತ್ತಿದೆ ಎಂಬುದರ ಮೇಲೂ ಕಣ್ಣಿಡಿ.

ದುಡ್ಡಿನ ವಿಷಯ ಬರಹದಲ್ಲೇ ಇರಲಿ: ಸಂಭಾವನೆ, ಪ್ರಯಾಣ, ದಿನಭತ್ಯೆ, ಪ್ರದರ್ಶನ ರದ್ದಾದರೆ ತಂಡಕ್ಕೆ ಸಿಗುವುದೆಷ್ಟು. ಆಯ್ಕೆಯಾಗದ ತಂಡಗಳಿಗೂ ಉತ್ತರ ಬರೆಯಿರಿ, ಅದೂ ಪಟ್ಟಿ ಪ್ರಕಟವಾಗುವ ಮೊದಲೇ. ಅವರು ಆ ತಾರೀಖುಗಳನ್ನು ನಿಮಗಾಗಿ ಖಾಲಿ ಇಟ್ಟುಕೊಂಡು ಕಾಯುತ್ತಿರುತ್ತಾರೆ.