ಎದುರಿಗೆ ಎಷ್ಟು ಜನ? ಕಾಲೇಜು ಕಬಡ್ಡಿ ತಂಡಕ್ಕೆ ರೇಡ್ ಲೆಕ್ಕ

ಶಿರಸಿ, ಕುಮಟಾ, ಕಾರವಾರ ಕಡೆಯ ಕಾಲೇಜು ತಂಡಗಳಲ್ಲಿ ಗಟ್ಟಿ ಹುಡುಗರಿಗೆ ಬರವಿಲ್ಲ. ಪಂದ್ಯ ಕೈತಪ್ಪುವುದು ಹೆಚ್ಚಾಗಿ ಯಾರನ್ನು ಯಾವಾಗ ಒಳಗೆ ಕಳಿಸಬೇಕು ಎಂಬಲ್ಲಿ. ಒಬ್ಬ ಒಳ್ಳೆಯ ರೇಡರ್ (ಎದುರಾಳಿಗಳ ಕಡೆ ನುಗ್ಗಿ ಮುಟ್ಟಿ ಬರುವವನು) ಇದ್ದರೆ ಅವನನ್ನೇ ಸಾಲಾಗಿ ತಳ್ಳುತ್ತಾರೆ, ಅವನು ಸಿಕ್ಕಿಬಿದ್ದ ಮೇಲೆ ಉಳಿದವರು ಮುಖ ಮುಖ ನೋಡಿಕೊಳ್ಳುತ್ತಾರೆ. 2019ರ ಜನವರಿಯ ಪ್ರೊ ಕಬಡ್ಡಿ ಫೈನಲ್‌ನಲ್ಲಿ ಬೆಂಗಳೂರು ಬುಲ್ಸ್‌ನ 38 ಅಂಕಗಳಲ್ಲಿ 22 ಪವನ್ ಸೆಹ್ರಾವತ್ ಒಬ್ಬರವೇ. ಅದನ್ನು ನೋಡಿ ತಲೆಗೆ ಹತ್ತಿಸಿಕೊಂಡವರು ಬಹಳ. ಅಂಥ ರೇಡರ್ ಪ್ರತಿ ಕಾಲೇಜಿಗೂ ಸಿಗುವುದಿಲ್ಲವಾದ್ದರಿಂದ ಉಳಿದವರು ಲೆಕ್ಕ ಹಾಕಿಯೇ ಆಡಬೇಕು.

ಮೊದಲು ಅಳತೆ. ಪುರುಷರ ಅಂಗಣ 13 x 10 ಮೀಟರ್. ನಡುಗೆರೆಯಿಂದ ಬಾಕ್ ಲೈನ್, ಅಂದರೆ ಯಾರನ್ನೂ ಮುಟ್ಟದಿದ್ದರೆ ರೇಡರ್ ದಾಟಲೇಬೇಕಾದ ಗೆರೆ, 3.75 ಮೀಟರ್. ಅದರಾಚೆ ಒಂದು ಮೀಟರಿಗೆ ಬೋನಸ್ ಲೈನ್, ದಾಟಿದರೆ ಒಂದು ಅಂಕ ಕೊಡುವ ಗೆರೆ. ಅಂದರೆ ಬೋನಸ್‌ಗೆ ಕಾಲಿಟ್ಟವನು 4.75 ಮೀಟರ್ ವಾಪಸ್ ಬರಬೇಕು. ಮಹಿಳೆಯರದು 12 x 8, ಬಾಕ್ 3 ಮೀಟರ್, ಬೋನಸ್ 4. ಅಲ್ಲಿ ಬೋನಸ್ ಹತ್ತಿರ, ಆದರೆ ಅಗಲ ಕಡಿಮೆ ಇರುವುದರಿಂದ ಸಾಲಿನ ನಡುಭಾಗದಲ್ಲಿ ನಿಲ್ಲುವ ಕವರ್‌ನವರ ಡ್ಯಾಶ್ (ಗುದ್ದಿ ಹೊರದಬ್ಬುವುದು) ಕೂಡ ಅಷ್ಟೇ ಬೇಗ ಬರುತ್ತದೆ. ಅಭ್ಯಾಸದ ಅಂಗಣಕ್ಕೆ ಸುಣ್ಣ ಹಾಕುವಾಗ ಹೆಜ್ಜೆಯಲ್ಲಿ ಅಳೆಯಬೇಡಿ, ಟೇಪ್ ಹಿಡಿಯಿರಿ. ಬಾಕ್ ಲೈನ್ ಅರ್ಧ ಅಡಿ ಹತ್ತಿರವಿದ್ದರೂ ಹುಡುಗನ ಕಾಲಿಗೆ ತಪ್ಪು ಅಭ್ಯಾಸವಾಗಿ, ಪಂದ್ಯದಲ್ಲಿ ಗೆರೆ ದಾಟಿದೆನೆಂದುಕೊಂಡು ದಾಟದೆ ಬಂದು ಔಟಾಗುತ್ತಾನೆ.

ಇನ್ನು ಲೆಕ್ಕ. ರೇಡ್‌ಗೆ ಹೋಗುವವನು ನೋಡಬೇಕಾದದ್ದು ಸ್ಕೋರ್‌ಬೋರ್ಡ್ ಅಲ್ಲ, ಎದುರಿಗೆ ನಿಂತ ತಲೆಗಳನ್ನು.

ಎದುರಿಗೆ ಏಳು ಅಥವಾ ಆರು ಜನ ಇದ್ದಾಗ ಮಾತ್ರ ಬೋನಸ್ ಉಂಟು. ಒಂದು ಕಾಲು ಬೋನಸ್ ಲೈನಿನಾಚೆ ಊರಿದಾಗ ಹಿಂದಿನ ಕಾಲು ಗಾಳಿಯಲ್ಲಿರಬೇಕು. ಕಾಲೇಜು ಮಟ್ಟದಲ್ಲಿ ಬೋನಸ್ ತಪ್ಪುವುದು ಇಲ್ಲೇ: ಹಿಂದಿನ ಹೆಬ್ಬೆರಳು ನೆಲ ಸವರುತ್ತಿರುತ್ತದೆ, ಅಂಪೈರ್ ಕೊಡುವುದಿಲ್ಲ, ಹುಡುಗ ಅಲ್ಲೇ ವಾದಕ್ಕೆ ನಿಂತು ಆಂಕಲ್ ಹೋಲ್ಡ್‌ಗೆ ಸಿಗುತ್ತಾನೆ. ಈ ಹಂತದಲ್ಲಿ ಎರಡನೇ, ಮೂರನೇ ರೇಡರ್‌ಗಳನ್ನು ಬಿಡಿ. ಸಾಲಿನ ತುದಿಯ ಕಾರ್ನರ್‌ನವನು ಬೋನಸ್ ತಡೆಯಲು ಮುಂದೆ ಬಂದರೆ ಕಾಲ್ಬೆರಳು ಚಾಚಿ ಮುಟ್ಟುವ ಟೋ ಟಚ್, ಬಾರದಿದ್ದರೆ ಬೋನಸ್, ಎರಡೂ ಆಗದಿದ್ದರೆ ಬಾಕ್ ಲೈನ್ ದಾಟಿ ವಾಪಸ್.

ಐದು, ನಾಲ್ಕು ಜನ ಉಳಿದಾಗ ಮುಖ್ಯ ರೇಡರ್‌ನ ಹೊತ್ತು. ಬೋನಸ್ ಇಲ್ಲ, ಆದರೆ ಕಾರ್ನರ್‌ಗೂ ಕವರ್‌ಗೂ ನಡುವೆ ಜಾಗ ತೆರೆದಿರುತ್ತದೆ, ಕೈ ಕೈ ಹಿಡಿದು ಚೈನ್ ಕಟ್ಟಲು ಜೊತೆಗಾರರು ಸಾಲುವುದಿಲ್ಲ. ಓಡುತ್ತ ಕೈ ತಾಗಿಸಿ ಬರುವ ರನ್ನಿಂಗ್ ಹ್ಯಾಂಡ್ ಟಚ್‌ಗೆ ಇದಕ್ಕಿಂತ ಒಳ್ಳೆಯ ಹೊತ್ತಿಲ್ಲ. ಅಂಗಣದ ಎರಡೂ ಬದಿಯ ಪಟ್ಟಿ, ಅಂದರೆ ಲಾಬಿ, ಮಾತ್ರ ನೆನಪಿರಲಿ, ಯಾರನ್ನೂ ಮುಟ್ಟದೆ ಅಲ್ಲಿ ಕಾಲಿಟ್ಟರೆ ರೇಡರ್ ತಾನೇ ಔಟ್.

ಮೂವರು ಅಥವಾ ಅದಕ್ಕಿಂತ ಕಡಿಮೆ ಉಳಿದಾಗ ಎಲ್ಲರೂ ಲೋನಾ (ಎದುರಾಳಿ ತಂಡವನ್ನು ಪೂರ್ತಿ ಔಟ್ ಮಾಡಿದ್ದಕ್ಕೆ ಸಿಗುವ ಹೆಚ್ಚುವರಿ ಅಂಕ) ಆಸೆಗೆ ಬೀಳುತ್ತಾರೆ. ಇಲ್ಲಿ ಸಿಕ್ಕಿಬಿದ್ದರೆ ಸೂಪರ್ ಟ್ಯಾಕಲ್, ಅವರಿಗೆ ಎರಡು ಅಂಕ. ನೀವು ಮುಟ್ಟಿ ಬಂದರೆ ತಲೆಗೊಂದೇ. ಮುಟ್ಟುವುದು ಅಥವಾ ಸಿಕ್ಕಿಬೀಳುವುದು, ಎರಡರಲ್ಲೊಂದಾಗುವ ಮೂರು ರೇಡ್‌ಗಳಲ್ಲಿ ಎರಡನ್ನು ಗೆದ್ದರೂ ಅಂಕ ಸಮ ಸಮ ಅಷ್ಟೇ. ಅದಕ್ಕಿಂತ ಕಡಿಮೆ ಗೆಲ್ಲುವ ರೇಡರ್ ಖಾಲಿ ಕೈಯಲ್ಲಿ ಬರುವುದೇ ಲಾಭ. ಯಾಕೆಂದರೆ ಮುಂದಿನ ರೇಡ್‌ಗೆ ಅವರಲ್ಲೇ ಒಬ್ಬ ನಿಮ್ಮ ಏಳು ಜನರ ನಡುವೆ ಬರಲೇಬೇಕು. ಉಳಿದವನು ಕಾರ್ನರ್ ಹುಡುಗನಾಗಿದ್ದು ರೇಡ್ ಅಭ್ಯಾಸವೇ ಇಲ್ಲದವನಾದರೆ ಲೋನಾ ತಾನಾಗಿ ಮನೆಗೆ ಬರುತ್ತದೆ.

ಇದಕ್ಕಿಂತಲೂ ಕಡೆಗಣಿಸುವ ವಿಷಯ ಹೊರಗೆ ಕೂತವರ ಸಾಲು. ಔಟಾದವರು ಔಟಾದ ಕ್ರಮದಲ್ಲೇ ಒಳಗೆ ಬರುತ್ತಾರೆ. ಇಬ್ಬರು ಆಗಲೇ ಹೊರಗಿದ್ದು ಆಮೇಲೆ ಮುಖ್ಯ ರೇಡರ್ ಹೋದನೆಂದರೆ ಅವನು ಬರಲು ಎದುರಾಳಿಗಳಲ್ಲಿ ಮೂವರು ಔಟಾಗಬೇಕು. ಬೋನಸ್ ಅಂಕಕ್ಕೆ ಯಾರೂ ಒಳಗೆ ಬರುವುದಿಲ್ಲ, ಸೂಪರ್ ಟ್ಯಾಕಲ್‌ನ ಹೆಚ್ಚುವರಿ ಅಂಕಕ್ಕೂ ಇಲ್ಲ. ಹಾಗಿದ್ದರೂ ಮುಖ್ಯ ರೇಡರ್ ಹೊರಗೆ ಕೂತಿರುವಾಗ ಎರಡನೆಯವನು ಎರಡೆರಡು ಬೋನಸ್ ತಂದು ಬೀಗುವುದನ್ನು ಯಾವ ಟೂರ್ನಿಯಲ್ಲಾದರೂ ನೋಡಬಹುದು. ಆಗ ಬೇಕಾದದ್ದು ಒಂದು ಟಚ್ ಅಥವಾ ಒಂದು ಕ್ಯಾಚ್. ಬೆಂಚಿನಲ್ಲಿ ಒಬ್ಬ ಈ ಸಾಲನ್ನೇ ಬರೆಯುತ್ತ ಕೂರಲಿ, ಬೇರೆ ಕೆಲಸ ಅವನಿಗೆ ಬೇಡ.

ಮೂರನೇ ರೇಡ್ ನಿಯಮ, ಅಂದರೆ ಡೂ ಆರ್ ಡೈ (ಸತತ ಎರಡು ಖಾಲಿ ರೇಡ್ ಆದ ಮೇಲೆ ಮೂರನೆಯದರಲ್ಲಿ ಅಂಕ ತರದಿದ್ದರೆ ರೇಡರ್ ಔಟ್), ಇದೆಯೇ ಎಂದು ಟಾಸ್‌ಗೆ ಮೊದಲೇ ಕೇಳಿ. ಊರ ಟೂರ್ನಿಗಳಲ್ಲಿ ಬೋನಸ್ ಇದೆಯೋ ಇಲ್ಲವೋ, ತೂಕದ ಮಿತಿ ಎಷ್ಟು ಎನ್ನುವುದೂ ಊರಿಗೊಂದು ಥರ. ನಿಯಮ ಇದ್ದರೆ ಮುಖ್ಯ ರೇಡರ್‌ನನ್ನು ಎರಡನೇ ರೇಡ್‌ಗೆ ಬಳಸುವುದು ವಾಸಿ, ಆಗ ಡಿಫೆನ್ಸ್ ಇನ್ನೂ ಸಡಿಲವಾಗಿರುತ್ತದೆ. ಮೂರನೆಯದಕ್ಕೆ ಏಳೂ ಜನ ಕಾಯುತ್ತಿರುತ್ತಾರೆ. ಕಳಕೊಂಡರೂ ತಂಡ ಕುಸಿಯದ, ಆದರೆ ಕಾಲು ಚುರುಕಿರುವ ಹುಡುಗ ಅದಕ್ಕೆ ಸಾಕು.

ಎದುರಾಳಿಯನ್ನು ಅರಿಯಲು ಅವರ ಒಂದು ಪೂರ್ತಿ ಪಂದ್ಯ ನೋಡಿದರೂ ಸಾಲುತ್ತದೆ. 20 ನಿಮಿಷದ ಎರಡು ಅವಧಿಯಲ್ಲಿ ಎರಡೂ ತಂಡ ಸೇರಿ 80ರ ಆಸುಪಾಸು ರೇಡ್ ಆಗುತ್ತವೆ. ನೋಟ್‌ಬುಕ್ಕಿನಲ್ಲಿ ರೇಡ್‌ಗೊಂದು ಸಾಲು: ಒಳಗೆ ಎಷ್ಟು ಜನ, ಮೊದಲು ನುಗ್ಗಿದ ಕ್ಯಾಚರ್ ಯಾರು, ಹಿಡಿದದ್ದು ಕಾಲೋ ತೊಡೆಯೋ ಸೊಂಟವೋ, ಏನಾಯಿತು. ನಿಮಗೆ ಬೇಕಾದ ಉತ್ತರ ಒಂದೇ, ತಾಳ್ಮೆ ಕೆಟ್ಟು ಮುಂದೆ ನುಗ್ಗುವವನು ಯಾರು? ಎಡ ಕಾರ್ನರ್‌ನವನು ರೇಡರ್ ತಿರುಗುವ ಮೊದಲೇ ಕಾಲಿಗೆ ಹಾರುತ್ತಾನೆಂದರೆ ಮೊದಲ ಐದು ನಿಮಿಷ ರೇಡ್‌ಗಳೆಲ್ಲ ಅವನ ಕಡೆಗೇ ಹೋಗಲಿ. ಕಾಲು ಕೊಟ್ಟಂತೆ ಮಾಡಿ ಹಿಂದೆಳೆದುಕೊಂಡು, ಅವನು ಬಗ್ಗಿದಾಗ ಬೆನ್ನಿಗೆ ಕೈ ತಾಗಿಸುವುದು. ಮೊಬೈಲಿನಲ್ಲಿ ವಿಡಿಯೊ ತೆಗೆಯುವುದಾದರೆ ಅಂಗಣದ ಹಿಂಬದಿಯಿಂದ ತೆಗೆಯಿರಿ, ಪಕ್ಕದಿಂದ ತೆಗೆದರೆ ಕಾರ್ನರ್‌ನವರ ಕಾಲು ಕಾಣುವುದಿಲ್ಲ.

ಅಭ್ಯಾಸದ ನೆಲದ ಮಾತೂ ಹೇಳಬೇಕು. ಘಟ್ಟದ ಮೇಲೆ ಕೆಂಪು ಮಣ್ಣಿನಲ್ಲಿ ಬರಿಗಾಲಲ್ಲಿ ಆಡಿ, ಧಾರವಾಡದಲ್ಲಿ ಮ್ಯಾಟ್ ಮೇಲೆ ಶೂ ಹಾಕಿ ಇಳಿದರೆ ಟೋ ಟಚ್ ಒಂದು ಗೇಣು ಮೊದಲೇ ನಿಂತುಬಿಡುತ್ತದೆ. ಮಣ್ಣಿನಲ್ಲಿ ಜಾರುವ ಕಾಲನ್ನು ಮ್ಯಾಟ್ ಹಿಡಿದು ನಿಲ್ಲಿಸುತ್ತದೆ, ಕಣಕಾಲು ಉಳುಕುವುದೂ ಅದರಿಂದಲೇ. ಪಂದ್ಯಕ್ಕೆ ಎರಡು ವಾರ ಮೊದಲಿಂದ ಶೂ ಕಾಲಿಗಿರಲಿ. ಕಾರವಾರದ ಕಡಲತೀರದ ಮರಳಿನಲ್ಲಿ ಓಡುವುದು ಮೀನಖಂಡಕ್ಕೆ ಒಳ್ಳೆಯದು, ತಿರುವಿನ ಅಭ್ಯಾಸಕ್ಕೆ ಅಲ್ಲ. ಮರಳು ಕಾಲನ್ನು ನಿಧಾನ ಮಾಡಿ ಕಲಿಸುತ್ತದೆ. ಕರಾವಳಿಯ ಸೆಖೆಯಲ್ಲಿ ಎರಡನೇ ಅವಧಿಗೆ ಉಸಿರು ಕಟ್ಟಿ ‘ಕಬಡ್ಡಿ ಕಬಡ್ಡಿ’ ತುಂಡಾಗುತ್ತದೆ, ವಿರಾಮದಲ್ಲಿ ತಣ್ಣನೆಯ ಕೋಲಾ ಬದಲು ಉಪ್ಪು ಹಾಕಿದ ಮುರುಗಲು ಪಾನಕ ಕೊಡಿ.

ಕೊನೆಯ ಮೂರು ನಿಮಿಷ ಅಂದರೆ 180 ಸೆಕೆಂಡ್, ಪೂರ್ತಿ 30 ಸೆಕೆಂಡ್ ಬಳಸಿದರೆ ಆರು ರೇಡ್, ತಂಡಕ್ಕೆ ಮೂರು. ಮುನ್ನಡೆಯಲ್ಲಿದ್ದರೆ ಆ ಹೊತ್ತಿಗೆ ನಿಮ್ಮ ಖಾಲಿ ರೇಡ್ ಎಣಿಕೆ ಸೊನ್ನೆಯಲ್ಲಿರುವಂತೆ ನೋಡಿಕೊಳ್ಳಿ, ಡೂ ಆರ್ ಡೈ ಕಟ್ಟಕಡೆಯ ರೇಡ್‌ಗೆ ಬೀಳುತ್ತದೆ. ಎಣಿಕೆ ಒಂದರಲ್ಲಿದ್ದರೆ ಅದು ನಡುವಿನ ರೇಡ್‌ಗೇ ಬಂದು ಕುತ್ತಿಗೆ ಹಿಡಿಯುತ್ತದೆ. ನಾಲ್ಕು ಅಂಕ ಹಿಂದಿದ್ದರೆ ಮೂರು ರೇಡ್ ನಂಬಿ ಕೂರಬೇಡಿ, ಐದು ನಿಮಿಷ ಇರುವಾಗಲೇ ರೇಡ್‌ಗಳನ್ನು 12-15 ಸೆಕೆಂಡಿಗೆ ಮುಗಿಸಲು ಶುರು ಮಾಡಿ. ಪ್ರತಿ ಅವಧಿಗೆ 30 ಸೆಕೆಂಡಿನ ಎರಡು ಟೈಮ್‌ಔಟ್ ಸಿಗುತ್ತವೆ, ಒಂದನ್ನು ಇಲ್ಲಿಗೆ ಉಳಿಸಿಕೊಳ್ಳಿ. ಅದರಲ್ಲಿ ಉಪನ್ಯಾಸ ಬೇಡ: ಎದುರಿಗೆ ಎಷ್ಟು ಜನ, ಮುಂದಿನ ರೇಡ್ ಯಾರದು, ಖಾಲಿ ಬಂದರೆ ನಡೆಯುತ್ತದೋ ಇಲ್ಲವೋ, ಇಷ್ಟು ಹೇಳಿ ನೀರು ಕೊಟ್ಟು ಕಳಿಸಿ.