ಎಕ್ಸಾಸ್ಟ್ ಉಷ್ಣತೆಯ ಸೆನ್ಸರ್ ಬದಲಿಸುವ ಮುನ್ನ

ವಿಜಯಪುರದ ಡೀಸೆಲ್ ಕಾರಿನವರೇ, ಗಾಡಿಯ ದೋಷ ಓದುವ ಸ್ಕ್ಯಾನರ್‌ನಲ್ಲಿ ಪಿ0544, ಪಿ0545 ಅಥವಾ ಪಿ0546 ಕೋಡ್ ಬಂದಿತೆಂದು ಕೂಡಲೇ ಎಕ್ಸಾಸ್ಟ್ (ಎಂಜಿನ್ ಹೊಗೆ) ಉಷ್ಣತೆಯ ಹೊಸ ಸೆನ್ಸರ್ ಹಾಕಿಸಬೇಡಿ. ಆ ಕೋಡ್ ಹೇಳುವುದು ಈ ಸೆನ್ಸರಿನ ಸರ್ಕ್ಯೂಟಿನಲ್ಲಿ ದೋಷವಿದೆ ಎಂದಷ್ಟೇ. ವೈರ್ ಹೋಗಿದ್ದರೂ ಅದೇ ಬರುತ್ತದೆ.

ರಾತ್ರಿಯಿಡೀ ನಿಂತ ಗಾಡಿಯನ್ನು ಬೆಳಿಗ್ಗೆ ಸ್ಟಾರ್ಟ್ ಮಾಡದೆ, ಕೀಲಿಯನ್ನಷ್ಟೇ ಆನ್ ಮಾಡಿ ಸ್ಕ್ಯಾನರ್ ನೋಡಿ. ಕೂಲೆಂಟ್, ಒಳಗೆ ಹೋಗುವ ಗಾಳಿ, ಎಕ್ಸಾಸ್ಟ್ ಮೂರರ ಉಷ್ಣತೆಯೂ ಹೆಚ್ಚುಕಡಿಮೆ ಒಂದೇ ಇರಬೇಕು. ಎಕ್ಸಾಸ್ಟ್ ಮಾತ್ರ ನೂರಾರು ಡಿಗ್ರಿ ತೋರಿಸಿದರೆ ಅನುಮಾನ ಬೇಡ, ದೋಷ ಆ ಸೆನ್ಸರಿನಲ್ಲಿ ಅಥವಾ ಅದರ ವೈರಿಂಗಿನಲ್ಲಿಯೇ ಇದೆ.

ಆಮೇಲೆ ಕೀಲಿ ತೆಗೆದು ಸೆನ್ಸರಿನ ಕನೆಕ್ಟರ್ ಬಿಚ್ಚಿ. ಎರೆಮಣ್ಣಿನ ಕೆಸರು ಹೊಕ್ಕು ಪಿನ್ನಿಗೆ ಹಸಿರು ಕಿಲುಬು ಹಿಡಿದಿದೆಯೇ, ವೈರ್ ಸೈಲೆನ್ಸರಿಗೆ ತಾಗಿ ಕರಗಿದೆಯೇ, ಇಲಿ ಕಡಿದಿದೆಯೇ? ಇವೆಲ್ಲ ಸರಿಯಿದ್ದರೆ ಮಾತ್ರ ಮಲ್ಟಿಮೀಟರಿನಿಂದ ಸೆನ್ಸರಿನ ಓಮ್ (ವಿದ್ಯುತ್ ರೋಧ) ಅಳೆದು ಕಂಪನಿಯ ಅಂಕಿಗೆ ಹೋಲಿಸಿ.

ಹಾಗೆಂದು ತಿಂಗಳುಗಟ್ಟಲೆ ಬಿಡಬೇಡಿ. ಅನೇಕ ಗಾಡಿಗಳಲ್ಲಿ ಡಿಪಿಎಫ್ (ಹೊಗೆಯ ಮಸಿ ಹಿಡಿಯುವ ಫಿಲ್ಟರ್) ತಾನೇ ಮಸಿ ಸುಟ್ಟುಕೊಳ್ಳುವುದು ನಿಂತುಹೋಗುತ್ತದೆ.